ಅರ್ಧ ಎಣ್ಣೆ ಕುಡಿದ ಹಲಗೆಕಟ್ಟೆ

"ಆ ಕಡೆ ಬ್ಯಾಡ್ರಿ! ಅಲ್ಲಿ ಇನ್ನೂ ಹಸಿ ಐತಿ!"

ಚನ್ನವ್ವ ಕೂಗಿದ ರಭಸಕ್ಕೆ ಅವಳ ಗಂಡನ ದೇಹ ಹೊತ್ತವರು ಹೊಸ್ತಿಲಲ್ಲೇ ನಿಂತರು.

ಮನೆಯ ಮುಂದಿನ ಹಲಗೆಕಟ್ಟೆ ಎರಡು ಬಣ್ಣದ್ದಾಗಿತ್ತು. ಎಡಗಡೆಯ ಹಲಗೆಗಳು ಎಣ್ಣೆ ಕುಡಿದು ಕೆಂಪಗೆ ಮಿರುಗುತ್ತಿದ್ದವು. ಬಲಗಡೆಯವು ತಿಕ್ಕಿಸಿಕೊಂಡು ಬೆಳ್ಳಗಾಗಿ ಬತ್ತಲೆ ಬಿದ್ದಿದ್ದವು. ನಿನ್ನೆ ಸಂಜೆ ಅರ್ಧಕ್ಕೆ ಕೈಬಿಟ್ಟು, ಉಳಿದದ್ದು ಮುಂಜಾನೆ ಎಂದು ಮಲಗಿದ ಬಸಂತರಾಯ ಏಳಲೇ ಇಲ್ಲ.

ಬತ್ತಲೆ ಹಲಗೆಗಳ ಮೇಲೇ ಅವನನ್ನು ಕೂರಿಸಿದರು. ಬೆನ್ನು ಗೋಡೆಗೆ, ಮುಖ ಹಿನ್ನೀರಿನ ಕಡೆಗೆ, ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಜೀವಮಾನವಿಡೀ ಇಂಡಿ ಊರಿನ ಬಸ್ಸು ಓಡಿಸಿದವನು ಈಗಲೂ ಸ್ಟಿಯರಿಂಗ್ ಮುಂದೆ ಕೂತ ಹಾಗೆ ನೆಟ್ಟಗೆ ಕೂತ.

ನೀರಿನಾಚೆ ಮೋಡ ಕಟ್ಟುತ್ತಿತ್ತು. ಅದನ್ನು ನೋಡಿ ಚನ್ನವ್ವ ಅಳು ನಿಲ್ಲಿಸಿದಳು.

"ಜೈತುನಬಿ, ಹಿತ್ತಲದಾಗ ಎಣ್ಣಿ ಡಬ್ಬಿ ಐತಿ, ತಗೊಂಡ ಬಾ."

ಪಕ್ಕದ ಮನೆಯ ಜೈತುನಬಿ ಮೂಗೊರೆಸಿಕೊಂಡಳು. "ಈಗ್ಯಾಕ ಅಕ್ಕಾ?"

"ಬತ್ತಲಿ ಕಟ್ಟಿಗಿ ಮ್ಯಾಲ ಮಳಿ ಬಿತ್ತಂದ್ರ ಎಲ್ಲಾ ಕರ್ರಗಾಗತೈತಿ. ಬ್ಯಾಸಗಿ ಪೂರ್ತಿ ತಿಕ್ಯಾರ ಇವರು."

"ವೈನಿ, ತಲಿ ಕೆಟ್ಟೈತೇನು?" ಮೈದುನ ಪರಮಾನಂದ ಎದ್ದು ಬಂದ. "ಅಣ್ಣನ್ನ ಕುಂದ್ರಿಸಿಕೊಂಡು ಬಣ್ಣ ಹಚ್ತೀರೇನು? ಬಾಗೇವಾಡಿಯಿಂದ ಬೀಗರು ಬಂದು ಕುಂತಾರ. ಬೇಕಾದ್ರ ತಾಡಪತ್ರಿ ಹೊದಸೂಣು."

"ನಿಮ್ಮಣ್ಣನ ಮ್ಯಾಲೂ ಹೊದಸ್ತೀಯೇನು?"

ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದರು. ಅವರು ನಿಧಾನಕ್ಕೆ ಕೇಳಿದರು: "ಮಣ್ಣು ಆಗೂತನಕ ಮನ್ಯಾಗ ಒಲಿ ಹಚ್ಚಬಾರದು. ಇದಕ್ಕ ಒಲಿ ಬೇಕೇನವಾ?"

"ಇಲ್ರಿ ಅಜ್ಜಾರ. ಕಾಯಿಸಿಟ್ಟಾರ. ಅರಿವಿ ಇದ್ರ ಸಾಕು."

"ಹಂಗಾರ ನಂದೇನು ತಕರಾರಿಲ್ಲ."

"ಹುಚ್ಚರ ಸಂತಿ," ಎಂದು ಪರಮಾನಂದ ದೂರ ಹೋಗಿ ಕೂತ.

*

ಅವು ಮುಳುಗಿದ ಊರಿನ ಹಲಗೆಗಳು. ಅಣೆಕಟ್ಟಿನ ನೀರು ಏರುವ ಮೊದಲು ಬಸಂತರಾಯ ಹಳೆ ಮನೆಯ ಅಟ್ಟ ಬಿಚ್ಚಿ ತಂದು ಇಲ್ಲಿಯ ಹಿತ್ತಲಲ್ಲಿ ಒಟ್ಟಿದ್ದ. ಅವುಗಳ ಮೇಲೆ ಕುಳ್ಳು ಒಣಗಿದವು, ಬೆಕ್ಕು ಮರಿ ಹಾಕಿತು. ಒಲೆಗೆ ಹಾಕ್ರಿ ಎಂದು ಚನ್ನವ್ವ ಎಷ್ಟೋ ಸಲ ಜಗಳ ತೆಗೆದಿದ್ದಳು.

ನೌಕರಿ ಮುಗಿದ ಮೇಲೆ ಅವನೇ ಅವನ್ನು ಮನೆಯ ಮುಂದೆ ಜೋಡಿಸಿ ಮೊಳೆ ಹೊಡೆದ. "ಡ್ರೈವರ್ ಸಾಹೇಬ್ರು ಬಸ್ ಸ್ಟ್ಯಾಂಡ್ ಕಟ್ಟಾಕತ್ತಾರ," ಎಂದು ಓಣಿಯವರು ನಕ್ಕರು. ಬಾಯಿಗೆ ಟವೆಲ್ಲು ಸುತ್ತಿಕೊಂಡು ಬೇಸಗೆಯುದ್ದಕ್ಕೂ ಪಾಲಿಶ್ ಪೇಪರಿನಿಂದ ತಿಕ್ಕಿದ. ಅಗಸಿ ಎಣ್ಣೆ ಕಾಯಿಸಿ, ಆರಿಸಿ, ಚಿಟಿಕೆ ಕಾವಿ ಕಲಸಿದ.

ನಿನ್ನೆ ಸಂಜೆ ಮೊದಲ ಹಲಗೆಗೆ ಅರಿವೆ ಎಳೆದವನೇ ಕರೆದ: "ಏ, ಬಾ ಇಲ್ಲಿ."

ಚನ್ನವ್ವ ಹಿಟ್ಟಿನ ಕೈಯಲ್ಲೇ ಬಂದಳು. ಸಪ್ಪೆ ಹಲಗೆಯೊಳಗಿಂದ ಬೆಲ್ಲದ ಪಾಕದಂಥ ಕೆಂಪು ಏಳುತ್ತಿತ್ತು. ಅದರ ಹಿಂದೆ ಗೆರೆಗಳು, ತೆರೆಯ ಬೆನ್ನಿಗೆ ತೆರೆ.

"ಇದು ಇದರಾಗ ಮೊದಲಿಂದ ಇತ್ತೇನ್ರಿ?"

"ಇತ್ತು. ಮ್ಯಾಲ ಜ್ವಾಳದ ಚೀಲ ಒಟ್ಟಿದ್ವಿ."

ಒಲೆಯ ಮೇಲೆ ರೊಟ್ಟಿ ಸೀದದ್ದು ಇಬ್ಬರಿಗೂ ತಿಳಿಯಲಿಲ್ಲ.

*

ಚನ್ನವ್ವ ಕುಕ್ಕರಗಾಲಲ್ಲಿ ಕೂತು ಅರಿವೆ ಎಳೆದಳು. ಹಲಗೆ ಎಣ್ಣೆಯನ್ನು ಸದ್ದಿಲ್ಲದೆ ಹೀರಿಕೊಂಡಿತು. ಜೈತುನಬಿ ಹಳೆ ಖಾಕಿ ಅಂಗಿ ಹರಿದು ಹೆಂಗಸರ ಕೈಗೆ ತುಂಡು ತುಂಡು ಕೊಟ್ಟಳು. "ಜಲ್ದಿ ಎಳೀರಿ. ಡ್ರೈವರಣ್ಣ ಮುಂದ ಕುಂತಾನ, ಒಂದು ಹಲಗಿ ಬಿಟ್ರೂ ಬೈತಾನ." ಯಾರೋ ಅಳುತ್ತಲೇ ನಕ್ಕರು.

ಹಲಗೆ ಹಲಗೆಯಾಗಿ ಕಟ್ಟೆ ಕಣ್ಣು ಬಿಡುತ್ತ ಹೋಯಿತು. ಒಂದರಲ್ಲಿ ಹರಿವ ಹೊಳೆ, ಇನ್ನೊಂದರಲ್ಲಿ ಗಂಟಿನ ಸುತ್ತ ಸುಳಿ. ಭಜನೆಯವರ ತಾಳ ನಿಧಾನವಾಗಿ ನಿಂತೇ ಹೋಯಿತು. ಬಾಗಿಲಲ್ಲಿದ್ದವರು ಸುಮ್ಮನೆ ಚಪ್ಪಲಿ ದೂರ ಬಿಟ್ಟು ಬಂದರು.

ಪರಮಾನಂದ ಯಾವಾಗ ಬಂದನೋ, ಪ್ಯಾಂಟು ಮಡಚಿಕೊಂಡು ಅಣ್ಣನ ಬದಿಗೆ ಕೂತಿದ್ದ. ಒಂದು ಹಲಗೆಯ ಮೇಲೆ ಅವನ ಕೈ ನಿಂತಿತು.

"ವೈನಿ, ಸಣ್ಣವರಿದ್ದಾಗ ನಾನು ಅಣ್ಣ ಇದರ ಮ್ಯಾಲ ಮಲಗತಿದ್ವಿ."

"ಹಚ್ಚು," ಎಂದಳು ಚನ್ನವ್ವ.

ಬಸಂತರಾಯನ ಮಂಡಿಯ ಅಂಚಿನವರೆಗೂ ಹಚ್ಚಿದರು. ಅಷ್ಟರಲ್ಲಿ ಹಲಗೆವಾದ್ಯ ಬಂತು, ದೇಹ ಕೂರಿಸಿ ಒಯ್ಯುವ ವಿಮಾನ ಬಂತು. ಹೊತ್ತವರ ಹೆಜ್ಜೆಗಳು ಹಸಿ ಎಣ್ಣೆಯಲ್ಲಿ ಮೂಡಿದವು. ಅವನನ್ನು ಎತ್ತಿದಾಗ ಕೆಂಪು ಹಲಗೆಗಳ ನಡುವೆ ಅವನು ಕೂತಿದ್ದ ಜಾಗ, ಮಡಚಿದ ಎರಡು ಮಂಡಿಗಳ ಆಕಾರದಲ್ಲಿ, ಬೆಳ್ಳಗೆ ಉಳಿದಿತ್ತು.

ಚನ್ನವ್ವ ಡಬ್ಬಿ ಬಗ್ಗಿಸಿ ನೋಡಿದಳು. ತಳ ಕಂಡಿತು. ಮೊದಲ ಹನಿಗಳು ಬಿದ್ದವು.

"ಏಳು ಅಕ್ಕಾ, ಹೊಂಟ್ರು," ಎಂದು ಜೈತುನಬಿ ಅವಳ ರಟ್ಟೆ ಹಿಡಿದಳು.

ಚನ್ನವ್ವ ರಟ್ಟೆ ಬಿಡಿಸಿಕೊಂಡು, ಹೊತ್ತವರ ಹೆಜ್ಜೆಗಳ ಮೇಲೇ ಹೆಜ್ಜೆ ಇಡುತ್ತ ಹೋದಳು. ಗೋಡೆಗೆ ಬೆನ್ನು ಕೊಟ್ಟು, ನೀರಿನ ಕಡೆ ಮುಖ ಮಾಡಿ, ಆ ಬಿಳಿ ಜಾಗದಲ್ಲಿ ಕಾಲು ಮಡಚಿ ಕೂತು, ಮಂಡಿಗಳಾಚೆಗೂ ಹನಿ ತಾಗದ ಹಾಗೆ ಸೆರಗು ಹರಡಿದಳು. ಸುತ್ತಲೂ ಹನಿಗಳು ಕೆಂಪು ಕಟ್ಟಿಗೆಯ ಮೇಲೆ ಜೋಳದ ಕಾಳಿನಂತೆ ಉಂಡುಂಡೆಯಾಗಿ ನಿಂತವು.