ದೇವರಮನೆಯ ಮೇಲಿನ ಹೆಂಚು

ಗೋಡೆಯ ಮೊಳೆಯಲ್ಲಿ ಹಗ್ಗ ಇತ್ತು. ಅದರ ಕೆಳಗೆ ರಬ್ಬರ್ ತಳದ ಶೂ ಇತ್ತು. ಅಪ್ಪ ಮಾತ್ರ ಇರಲಿಲ್ಲ.

ಹಾಲು ತರಲು ಹೋಗಿ ಬರುವಷ್ಟರಲ್ಲಿ ಮನುಷ್ಯ ಮಾಯ. "ಎಲ್ಲವ್ವ ಅಪ್ಪ?" ಎಂದರೆ ಅವ್ವ ಸೊಪ್ಪು ಬಿಡಿಸುತ್ತ, ತಲೆಯನ್ನೂ ಎತ್ತದೆ, "ಜಯಲಕ್ಷ್ಮಿಪುರಂ ಅಯ್ನೋರು ಫೋನ್ ಮಾಡಿದ್ರು. ದೋಣಿ ಕಟ್ಕೊಂಡು ದೇವರಮನೆಗೆ ನೀರು ಬತ್ತಾ ಅದಂತೆ. ಏಣಿ ಅವ್ರ ಮನೇಲೇ ಅದೆ ಅಂತ ಬರಿಗೈಯಲ್ಲೇ ಹೋದ್ರು" ಎಂದಳು.

ಬರಿಗೈಯಲ್ಲಿ ಮಾತ್ರವಲ್ಲ, ಬರಿಗಾಲಿನಲ್ಲಿ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮಪ್ಪ ಹುಚ್ಚಯ್ಯ ಮೂವತ್ತು ವರ್ಷದಿಂದ ಹೆಂಚಿನ ಮನೆಗಳ ಕೆಲಸ ಮಾಡುವವನು. ಒಡೆದ ಹೆಂಚು ಬದಲಿಸುತ್ತಾನೆ, ಸೂರಿನ ಅಂಚಿಗೆ ಮಳೆನೀರು ಹರಿಯಲೆಂದು ಕಟ್ಟಿರುವ ತಗಡಿನ ದೋಣಿಯನ್ನು ಚೊಕ್ಕಟ ಮಾಡುತ್ತಾನೆ. ಎರಡು ವರ್ಷದ ಹಿಂದೆ ಇದೇ ಜಯಲಕ್ಷ್ಮಿಪುರಂ ಅಯ್ನೋರು ಏಕಾಂತಯ್ಯನವರ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಏಣಿ ಜಾರಿತು ಎಂದು ಅಪ್ಪನೂ ಹೇಳಿದ, ಏಕಾಂತಯ್ಯನವರೂ ಹೇಳಿದರು. ಮೂರು ತಿಂಗಳು ಮಲಗಿದ್ದ. ಆ ಮೂರು ತಿಂಗಳು ಅವನಿಗೆ ಮೈ ಒರೆಸಿದವಳು ನಾನು. ಅದಕ್ಕೇ ಅವನು ಎದ್ದು ಕೂತ ದಿನ ಖಡಾಖಂಡಿತವಾಗಿ ಹೇಳಿಬಿಟ್ಟೆ: ಸೊಂಟಕ್ಕೆ ಹಗ್ಗ ಇಲ್ಲದೆ, ಕಾಲಿಗೆ ಶೂ ಇಲ್ಲದೆ, ಕೆಳಗೆ ಏಣಿ ಹಿಡಿಯಲು ನಾನಿಲ್ಲದೆ ಇನ್ನು ಯಾವ ಸೂರಿಗೂ ಹತ್ತುವ ಹಾಗಿಲ್ಲ. ಮಳೆ ಬಂದ ಮರುದಿನ ಹೆಂಚು ಒಣಗುವವರೆಗೆ ಅದರ ಮೇಲೆ ಕಾಲಿಡುವ ಹಾಗಿಲ್ಲ. ಅಪ್ಪ ಹೂಂ ಎಂದಿದ್ದ. ಎರಡು ವರ್ಷ ಅದರಂತೆ ನಡೆದುಕೊಂಡೂ ಇದ್ದ.

ರಾತ್ರಿಯೆಲ್ಲ ಮಳೆ ಸುರಿದಿತ್ತು. ಹಗ್ಗ, ಶೂ, ಕೈಗವಸು ಎಲ್ಲವನ್ನೂ ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದೆ. ಕುಂಬಾರಕೊಪ್ಪಲಿನಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವೂ ಅಪ್ಪನನ್ನು ಬೈಯುತ್ತಲೇ ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಿರುಗಿ ನೋಡಿದ. ನೋಡಲಿ.

ನಾನು ಗೇಟು ತೆಗೆದಾಗ ಅಪ್ಪ ಏಣಿಯ ಐದನೆಯ ಮೆಟ್ಟಿಲಲ್ಲಿದ್ದ. ಪಂಚೆ ಎತ್ತಿ ಕಟ್ಟಿದ್ದ. ಒಂದು ಕಾಲು ಈಗಲೂ ಸರಿಯಾಗಿ ಮಡಚುವುದಿಲ್ಲ, ಅದನ್ನು ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗೆ ಇಡುತ್ತಿದ್ದ. ಏಣಿ ಹಿಡಿಯಲು ಒಂದು ನರಪಿಳ್ಳೆಯೂ ಇರಲಿಲ್ಲ. ಏಕಾಂತಯ್ಯನವರು ವರಾಂಡದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

ಓಡಿಹೋಗಿ ಏಣಿ ಹಿಡಿದೆ. "ಇಳಿಯಪ್ಪ."

"ಬಂದ್ಬುಟ್ಟಾ? ಹತ್ತು ನಿಮಿಷದ ಕೆಲ್ಸ ಕಣವ್ವ, ಬುಡು."

"ಇಳೀತೀಯೋ, ನಾನೇ ಹತ್ತಿ ಎಳ್ಕೊಂಡು ಬರ್ಲೋ?"

ಇಳಿದ. ಚೀಲದಿಂದ ಶೂ ತೆಗೆದು ಅವನ ಮುಂದೆ ಇಟ್ಟೆ. ಆಗ ಏಕಾಂತಯ್ಯನವರು ಪೇಪರ್ ಕೆಳಗಿಳಿಸಿದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಗಟ್ಟಿಯಾಗಿ ಮಾತಾಡುವ ಅಭ್ಯಾಸವೇ ಇಲ್ಲ.

"ಶೂ ಹಾಕ್ಕೊಂಡು ಹತ್ತೋ ಹಾಗಿಲ್ಲ ಕಣಮ್ಮ. ಆ ಮೂಲೆಗೆ ಹೋಗ್ಬೇಕಾದ್ರೆ ದೇವರಮನೆ ಮೇಲೇ ನಡೀಬೇಕು. ಹುಚ್ಚಯ್ಯನಿಗೆ ಗೊತ್ತು."

ದೋಣಿ ಕಟ್ಟಿಕೊಂಡಿದ್ದ ಮೂಲೆಯಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ಅಡ್ಡಡ್ಡ ನುಗ್ಗುವಷ್ಟು ಮಾತ್ರ ಜಾಗ. ಅಲ್ಲಿ ಏಣಿ ನಿಲ್ಲುವುದಿಲ್ಲ. ವರಾಂಡದ ಕಡೆಯಿಂದ ಹತ್ತಿ, ಹೆಂಚಿನ ಮೇಲೆಯೇ ನಡೆದು ಹೋಗಬೇಕು. ಆ ಹೆಂಚುಗಳ ಮೇಲೆ ಹಸಿರು ಪಾಚಿ ಮಿರಮಿರ ಹೊಳೆಯುತ್ತಿತ್ತು.

"ಜಾರಿದ್ರೆ ಯಾರು ಸಾರ್ ಹೊಣೆ?"

"ಇಷ್ಟು ವರ್ಷ ಹತ್ತಿಲ್ವೇನಮ್ಮ ಅವನು? ಬರಿಗಾಲಲ್ಲೇ ಹಿಡಿತ ಜಾಸ್ತಿ."

"ಹಾಗಾದ್ರೆ ನೀವು ಹತ್ತಿ."

"ಸೌಮ್ಯಾ!" ಅಪ್ಪ ಗದರಿದ. ನನ್ನ ಕೋಪ ಏಕಾಂತಯ್ಯನವರ ಮೇಲೆ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ತಿರುಗಿದ್ದು ಆಗಲೇ. "ಅಯ್ನೋರು ಹೇಳ್ದೆ ಇದ್ರೂ ನಾನು ಹಾಕಲ್ಲ ಕಣವ್ವ. ದೇವ್ರ ನೆತ್ತಿ ಮ್ಯಾಲೆ ಮೆಟ್ಟು ಹಾಕ್ಕೊಂಡು ಓಡಾಡಾದಾ? ಅಂಗೆಲ್ಲ ಮಾಡಕ್ಕಾಯ್ತದಾ?"

"ನಿನ್ನ ಸೊಂಟ ಮುರಿದಾಗ ಆ ದೇವ್ರು ಬಂದು ಬೆಡ್‌ಪ್ಯಾನ್ ಇಟ್ಟನಾ?"

ಆಡಬಾರದ ಮಾತು, ಗೊತ್ತು. ಆಡಿದೆ. ಅಪ್ಪನ ಮುಖ ಕಪ್ಪಿಟ್ಟಿತು. ಏಕಾಂತಯ್ಯನವರು ಕುರ್ಚಿಯಿಂದ ಎದ್ದರು. ನಾನು ಏಣಿಯನ್ನು ಬಿಡಲಿಲ್ಲ. ಬಿಟ್ಟರೆ ಈ ಮೊಂಡ ಮತ್ತೆ ಹತ್ತಿಬಿಡುತ್ತಾನೆ ಎಂಬ ಹೆದರಿಕೆ. ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಎಂದು ಡಾಕ್ಟರ್ ನನ್ನ ಮುಖಕ್ಕೇ ಹೇಳಿದ್ದರು. ಅಪ್ಪನಿಗೆ ನಾನು ಅದನ್ನು ಹೇಳಿರಲಿಲ್ಲ.

"ಸರಿ ಸಾರ್. ಒಂದರ್ಧ ಗಂಟೆ ದೇವರನ್ನ ಹಾಲ್‌ಗೆ ತಂದಿಡಿ. ದೇವ್ರು ಕೆಳಗೆ ಇಲ್ದಿದ್ರೆ ಅದು ಬರೀ ರೂಮು. ಆಮೇಲೆ ಶೂ ಹಾಕಿದ್ರೇನು?"

"ಮಠದ ಸ್ವಾಮಿಗಳು ಕೈಯಾರೆ ಕೂರಿಸಿದ ವೀರಭದ್ರ. ನಿಮಗೆ ಬೇಕಾದಾಗ ಅಲುಗಾಡಿಸೋಕೆ ಅದೇನು ಕುರ್ಚಿಯೇ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ಏಕಾಂತಯ್ಯನವರ ಹೆಂಡತಿ ಪ್ರೇಮಲೀಲಾ. ಕಾಫಿ ಲೋಟಗಳ ತಟ್ಟೆ ಹಿಡಿದು ಅವರು ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ರೀ, ಗೌರಿಹಬ್ಬದ ಮಳೇಲಿ ಪೀಠದ ಮೇಲೇ ತೊಟ್ಟಿಕ್ತಿತ್ತಲ್ಲ. ಆಗ ವೀರಭದ್ರನ್ನ ಎಲ್ಲಿ ಇಟ್ಟಿದ್ವಿ?"

ಏಕಾಂತಯ್ಯನವರು ಕಾಫಿ ಲೋಟಕ್ಕೆ ಕೈಚಾಚಿದರು.

"ಫ್ರಿಜ್ ಮೇಲೆ ಕಣಮ್ಮ," ಎಂದು ಪ್ರೇಮಲೀಲಮ್ಮ ನನ್ನ ಕಡೆ ತಿರುಗಿದರು. "ಎರಡು ದಿನ ಫ್ರಿಜ್ ಮೇಲೇ ಪೂಜೆ ಆಯ್ತು. ನೀರು ಬಿದ್ರೆ ಬೆಳ್ಳಿ ಕಪ್ಪಾಗುತ್ತೆ, ಬೇಗ ಎತ್ತು ಎತ್ತು ಅಂತ ಇವರೇ ಕೂಗಾಡಿದ್ದು."

ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ವೀರಭದ್ರನನ್ನು ಮಡಿಬಟ್ಟೆಯಲ್ಲಿ ಎತ್ತಿಕೊಂಡು ಬಂದು, ಹಾಲಿನ ನಡುವೆ ಮಣೆ ಹಾಕಿ ಕೂರಿಸಿದರು. ಬಸವಣ್ಣನ ಫೋಟೋ ತಂದರು. ದೀಪ ತಂದರು. ಏಕಾಂತಯ್ಯನವರು ನೋಡುತ್ತಲೇ ನಿಂತಿದ್ದರು. ಬೆಳ್ಳಿಗಾಗಿ ಎದ್ದ ದೇವರು ನಮ್ಮಪ್ಪನ ಕಾಲಿಗಾಗಿ ಏಳಬಾರದೇ? ಹೀಗೆ ಕೇಳುವ ಬದಲು ಚೀಲದಿಂದ ಹಗ್ಗ, ಕೈಗವಸು ತೆಗೆದಿಟ್ಟೆ.

ಅಪ್ಪ ಹೊಸಿಲಿನ ಆಚೆಯಿಂದಲೇ ಬಗ್ಗಿ ನೋಡಿದ. ದೇವರು ಹಾಲಿನಲ್ಲಿರುವುದು ಖಾತ್ರಿಯಾದ ಮೇಲೆ ಕೈಮುಗಿದು, ಕಟ್ಟೆಯ ಮೇಲೆ ಕೂತು ಶೂ ಹಾಕಿಕೊಂಡ. ಬಿಸಿಲು ಏರಿ ಹೆಂಚು ಒಣಗುವವರೆಗೆ ನಾನು ಹತ್ತಲು ಬಿಡಲಿಲ್ಲ. ಹನ್ನೊಂದೂವರೆಯಾಯಿತು. ಅಷ್ಟು ಹೊತ್ತೂ ಅಪ್ಪ ನನಗೆ ಬೆನ್ನು ತಿರುಗಿಸಿಕೊಂಡೇ ಕೂತಿದ್ದ.

ಹಗ್ಗವನ್ನು ಮನೆಯ ಆಚೆ ಬದಿಯ ತೆಂಗಿನಮರಕ್ಕೆ ಬಿಗಿದು, ಸೂರಿನ ಮೇಲಿಂದ ಈಚೆಗೆ ಎಸೆದು, ಅಪ್ಪನ ಸೊಂಟದ ಪಟ್ಟಿಗೆ ಎರಡು ಗಂಟು ಹಾಕಿದೆ. ಪಾಚಿಯ ಮೇಲೆ ಹಾಸಲು ಹಲಗೆ ಕೊಟ್ಟೆ. ಅಪ್ಪ ಕುಂಡಿಯ ಮೇಲೆ ಕೂತು ಇಷ್ಟಿಷ್ಟೇ ಸರಿಯುತ್ತ ಮೂಲೆ ಸೇರಿದ. ಗುಲ್‌ಮೊಹರ್ ಮರದ ಸಣ್ಣೆಲೆ ಕೊಳೆತು ದೋಣಿಯಲ್ಲಿ ಗೊಜ್ಜಾಗಿತ್ತು. ಬಾಚಿ ಬಾಚಿ ಬಕೆಟ್ಟಿಗೆ ತುಂಬಿ ಕೆಳಗಿಳಿಸಿದ. ಒಂದು, ಎರಡು, ಆರು ಬಕೆಟ್. ದೋಣಿಗೆ ನೀರು ಸುರಿದು ನೋಡಿದ. ನೀರು ಸಲೀಸಾಗಿ ಹರಿದು ಕೊಳವೆಯಿಂದ ಕೆಳಗೆ ಬಿತ್ತು.

ಏಕಾಂತಯ್ಯನವರು ವರಾಂಡದಿಂದ ಕೇಳಿದರು: "ಆಯ್ತಲ್ಲ ಹುಚ್ಚಯ್ಯ? ಇನ್ನು ದೇವರಮನೆಗೆ ಸೋರಲ್ಲ ತಾನೆ?"

ನಮ್ಮಪ್ಪ ಬೇರೆ ಏನೇ ಇರಲಿ, ಕೆಲಸದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮೇಲಿನಿಂದ ಹೇಳಿದ: "ಇಲ್ಲ ಬುದ್ಧಿ, ಸೋರ್ತದೆ. ಸೋರ್ತಿರಾದು ದೋಣಿಯಿಂದಲ್ಲ. ಇಲ್ಲೊಂದು ಹೆಂಚು ಒಡೆದದೆ. ಆವತ್ತು ನನ್ನ ಕಾಲು ಜಾರಿ ಹಿಮ್ಮಡಿ ಬಡೀತಲ್ಲ, ಅದೇ ಹೆಂಚು."

ಹೇಳಿದ ಮೇಲೆ ಬಾಯಿ ಜಾರಿದ್ದು ಅವನಿಗೇ ಗೊತ್ತಾಯಿತು. ಕೈಯಲ್ಲಿದ್ದ ಒಡೆದ ಹೆಂಚಿನ ಚೂರನ್ನು ಹಾಗೆಯೇ ಹಿಡಿದು ಕೂತ.

ಏಣಿ ಜಾರಿರಲಿಲ್ಲ. ದೇವರಮನೆಯ ಮೇಲೆ ಬರಿಗಾಲು ಜಾರಿತ್ತು. ಎರಡು ವರ್ಷ ನಾನು ನಂಬಿದ್ದೆ. ನಮ್ಮ ಏಣಿಯ ಕಾಲಿಗೆ ರಬ್ಬರ್ ಹಾಕಿಸಿದ್ದೆ, ತಲೆಗೆ ಕೊಕ್ಕೆ ಹಾಕಿಸಿದ್ದೆ. ಇವನು ಅಯ್ನೋರ ಮನೆಯ ಮಾನ ಕಾಯಲು ಆಸ್ಪತ್ರೆಯ ಮಂಚದ ಮೇಲೆ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ನನಗೆ ಸುಳ್ಳು ಹೇಳಿದ್ದ. ಆ ಸುಳ್ಳು ಬಯಲಾಗದಿರಲೆಂದು ಏಕಾಂತಯ್ಯನವರು ಒಡೆದ ಹೆಂಚನ್ನು ಹಾಗೆಯೇ ಬಿಟ್ಟು ದೇವರನ್ನು ಎರಡು ಮಳೆಗಾಲ ನೆನೆಸಿದ್ದರು.

ನಾನು ಏಕಾಂತಯ್ಯನವರನ್ನೇ ನೋಡಿದೆ. ಅವರು ಪೇಪರನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಸೌಮ್ಯಾ, ಸಂಪಿನ ತಾವ ಹಳೇ ಹೆಂಚು ಜೋಡಿಸವ್ರೆ. ಒಂದು ತಂದ್ಕೊಡವ್ವ," ಎಂದ ಅಪ್ಪ ಸಣ್ಣ ದನಿಯಲ್ಲಿ.

"ನಾನು ಹತ್ತಿ ಕೊಡೋವಾಗ ಏಣಿ ಯಾರು ಹಿಡ್ಕೊತಾರೆ?"

ಕೊನೆಗೆ ಏಕಾಂತಯ್ಯನವರು ಪೇಪರನ್ನು ಕುರ್ಚಿಯ ಮೇಲಿಟ್ಟು, ಪಂಚೆ ಎತ್ತಿ ಹಿಡಿದು, ವರಾಂಡದ ಮೆಟ್ಟಿಲು ಇಳಿಯತೊಡಗಿದರು. ಬರಿಗಾಲಿನಲ್ಲಿದ್ದರು. ಅಂಗಳದ ಕಲ್ಲು ಪಾಚಿಗಟ್ಟಿತ್ತು. ಮೊದಲ ಹೆಜ್ಜೆಗೇ ತಡವರಿಸಿ ಕಂಬ ಹಿಡಿದುಕೊಂಡರು.

"ಚಪ್ಪಲಿ ಹಾಕ್ಕೊಂಡು ಬನ್ನಿ ಸಾರ್," ಎಂದೆ. "ನೀವು ಬಿದ್ರೆ, ಏಣಿ ಜಾರ್ತು ಅಂತ ನಾನು ಹೇಳಲ್ಲ."