ಬ್ರೀತಾಳ ತಾಮ್ರದ ಹಂಡೆ

ಶ್ರಾವಣದ ಆ ಬೆಳಿಗ್ಗೆ ಮಲ್ಲೇಶ್ವರದ ಮೇಲೆ ಮೋಡ ಕವಿದಿತ್ತು. ಮಳೆಯೆನ್ನುವಷ್ಟು ಮಳೆಯಲ್ಲ, ರಂಗೋಲಿ ಅಳಿಸುವಷ್ಟು ಹನಿ. ನಿವೃತ್ತ ಟೀಚರ್ ಕಾವೇರಮ್ಮ ದೇವರಿಗೆ ದೀಪ ಹಚ್ಚಿ ಬಂದು ಹೊಸಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು. ಇವತ್ತು ಮುನಿಯಕ್ಕನ ಹೋಟೆಲು ಶುರು. ಶನಿವಾರದಿಂದ ಅವಳು ಇತ್ತ ಸುಳಿದಿರಲಿಲ್ಲ.

ಶ್ರೀರಾಂಪುರದ ಮುನಿಯಕ್ಕ ಹಿಂದೆ ಈ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಳ್ಳೋ ಗಾಡಿಯಲ್ಲಿ ಮುದ್ದೆ-ಸಾರು ಮಾರುತ್ತೇನೆ ಎಂದಾಗ ಕಾವೇರಮ್ಮ ಅತ್ತೆಯ ಕಾಲದ ಹಿತ್ತಾಳೆ ಕೊಳದಪ್ಪಲೆಯನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಸಾರು ಕಾಯಿಸಲು ಎರವಲು ಕೊಟ್ಟಿದ್ದರು. ಗಾಡಿ ಕೈಹಿಡಿಯಿತು. ಆದರೂ ಶ್ರಾವಣ ಬಂದರೆ ಕಾವೇರಮ್ಮ ಓದುವ ಪುರಾಣ ಕೇಳಲು ಅವಳು ತಪ್ಪದೆ ಬರುತ್ತಿದ್ದಳು.

ಈ ಸಲ ಪುರಾಣದ ಜೊತೆಗೆ ಇನ್ನೊಂದು ಕಥೆ. ಸ್ವೀಡನ್ ಎಂಬ ಹಿಮದ ಸೀಮೆಯ ಹಳೇ ಕಾಲದ ಕಾದಂಬರಿಯೊಂದನ್ನು ಕಾವೇರಮ್ಮ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು. ಕೂಲಿಯವನ ಮಗಳು ಬ್ರೀತಾ ನೆರೆಮನೆಯ ಮುದುಕಿಯ ತಾಮ್ರದ ಹಂಡೆ ಎರವಲು ಪಡೆದು, ಸಂತೆಯಲ್ಲಿ ಗಂಜಿ ಮಾರಿ, ಕೊನೆಗೆ ದೊಡ್ಡ ಛತ್ರವೊಂದರ ಯಜಮಾನಿಯಾಗುತ್ತಾಳೆ. ಮುನಿಯಕ್ಕ ಅವಳಿಗೆ ಬೀರಮ್ಮ ಎಂದು ಹೆಸರಿಟ್ಟು, ಆ ಚಳಿಯಲ್ಲಿ ಮಗೂಗೆ ಕಂಬಳಿಯಾದರೂ ಇತ್ತೋ ಎಂದು ಕೊರಗುತ್ತಿದ್ದಳು.

ಕೊನೆಯ ಪುಟದಲ್ಲಿ ಬ್ರೀತಾ ಸಾರೋಟಿನಲ್ಲಿ ಮುದುಕಿಯನ್ನು ದಾಟಿ ಹೋಗುತ್ತಾಳೆ, ತಿರುಗಿಯೂ ನೋಡುವುದಿಲ್ಲ. ಪಾರಾಯಣ ಮಾಡುವವರು ದುಃಖದ ಜಾಗದಲ್ಲಿ ಪುಸ್ತಕ ಮಡಚುವುದಿಲ್ಲ. ಒಂದಿಷ್ಟು ಒಳ್ಳೆಯದು ಬರುವತನಕ ಮುಂದೆ ಓದುತ್ತಾರೆ. ಇಲ್ಲಿ ಮುಂದೆ ಪುಟವೇ ಇರಲಿಲ್ಲ. ಕಾವೇರಮ್ಮ ಕೃಷ್ಣಾ ಎಂದುಕೊಂಡು ತಾವೇ ಸೇರಿಸಿದರು: ಬ್ರೀತಾ ಸಾರೋಟು ನಿಲ್ಲಿಸಿ ಇಳಿದಳು, ಹಂಡೆಯನ್ನು ಮುದುಕಿಯ ಕೈಗಿಟ್ಟು ತಲೆಬಾಗಿದಳು.

ಕಥೆ ಮುಗಿದದ್ದು ಕಳೆದ ಶನಿವಾರ. ಮುನಿಯಕ್ಕ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಅವಳು ಗೇಟು ದಾಟಿದ ಮೇಲೆ ಕಾವೇರಮ್ಮನಿಗೆ ಹೊಳೆಯಿತು. ಹೋಟೆಲು ತೆರೆಯುವ ಹೊತ್ತಿಗೆ ಪಾತ್ರೆ ವಾಪಸ್ ಕೇಳಿದಂತಾಯಿತಲ್ಲ! ಪಾತ್ರೆ ಹಾಳಾಗಲಿ, ಅವಳು ಬರುವುದನ್ನೇ ಬಿಟ್ಟರೆ?

ಈಗ ಬಾಗಿಲ ಮುಂದೆ ಆಟೋ ನಿಂತಿತು. ಮುನಿಯಕ್ಕ ಹೊಸ ಸೀರೆಯಲ್ಲಿ, ಸೊಂಟದ ಮೇಲೆ ಫಳಫಳಿಸುವ ಕೊಳದಪ್ಪಲೆ ಇಟ್ಟುಕೊಂಡು ಇಳಿದಳು.

"ಮುನಿಯಕ್ಕ, ನಿನ್ನ ಚುಚ್ಚೋಕೆ ಹೇಳಿದ್ದಲ್ಲ ಕಣೇ. ಪುಸ್ತಕದಲ್ಲಿ ಅವಳು ಹಂಡೆ ವಾಪಸ್ ಕೊಡೋದೇ ಇಲ್ಲ. ಅದು ನಾನು ಸೇರಿಸಿದ್ದು."

ಮುನಿಯಕ್ಕ ಕೊಳದಪ್ಪಲೆ ಕೆಳಗಿಳಿಸಿದಳು. "ನಮ್ಮ ಬೀರಮ್ಮನಾ? ಇಲ್ಲ ಬಿಡಿ ಅಮ್ಮಾವ್ರೆ, ಕೊಟ್ಟೇ ಇರ್ತಾಳೆ. ಬರೆದೋರು ಮರ್ತಿರ್ತಾರೆ."

ಹೋಟೆಲಿಗೆ ಹೊಸ ಪಾತ್ರೆ ತಂದಾಗಿದೆಯಂತೆ. ಇದಕ್ಕೆ ಕಲಾಯಿ ಹಾಕುವವನು ಶನಿವಾರದಿಂದ ಇವತ್ತು ನಾಳೆ ಎಂದು ಆಡಿಸಿದನಂತೆ. ಬರಿಗೈಲಿ ಯಾವ ಮುಖ ಇಟ್ಕೊಂಡು ಬರಲಿ ಎಂದಳು.

ಎರವಲು ತಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದುಂಟೇ? ಒಳಗೆ ಹೋಟೆಲಿನ ಮೊದಲ ಒಲೆಯ ಸಿಹಿ ಹುಗ್ಗಿಯಿತ್ತು. ಯಜಮಾನರು ಹೋದಾಗಿನಿಂದ ಹೊರಗಿನದು ಮುಟ್ಟದ ಕಾವೇರಮ್ಮ ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟುಕೊಂಡರು.

"ಬೆಲ್ಲ ಒಂಚೂರು ಮುಂದು ಕಣೇ."

"ನಿಮ್ಮ ಕೈಲಿ ಕಲ್ತಿದ್ದೇ ಅಲ್ವಾ?"

ಹುಗ್ಗಿ ಬೇರೆ ಪಾತ್ರೆಗೆ ಬಗ್ಗಿಸಿದ್ದಾಯಿತು. ಮುನಿಯಕ್ಕ ಹಿತ್ತಲ ನಲ್ಲಿಯಲ್ಲಿ ಕೊಳದಪ್ಪಲೆ ತೊಳೆದು, ಹೊಸ ಸೀರೆಯ ಸೆರಗಿನಲ್ಲೇ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರ ಕೈಗಿಟ್ಟಳು.