ಹಸಿ ಪದರು

ನನ್ನ ಅಪ್ಪ ಉದ್ದಪ್ಪನನ್ನು ನಾನು ನೋಡಿಲ್ಲ. ನಾನು ಹುಟ್ಟಿದ ದಿನ ಮಧ್ಯಾಹ್ನ ಅವನು ಕೌಜಲಗಿ ಹತ್ತಿರದ ಕಲ್ಲಿನ ಖಣಿಯಲ್ಲಿ ಕೆಲಸದಲ್ಲಿದ್ದ. ಮೇಲಿನಿಂದ ಯಾರೋ "ಹೆಣ್ಣು" ಎಂದು ಕೂಗಿ ಹೇಳಿದರಂತೆ. ಅವನು ಕೈಯಲ್ಲಿದ್ದ ಹಾರೆ ಬಿಸಾಕಿ ಓಡಿದನಂತೆ. ಮನೆಗೆ ಮಾತ್ರ ಬರಲಿಲ್ಲ. ಎರಡು ಹೆಣ್ಣಾದ ಮೇಲೆ ಮೂರನೆಯದೂ ಹೆಣ್ಣೇ ಎಂದು ತಿಳಿದು, ಪಡುವಣ ಬದಿಯಲ್ಲಿ ನಿಂತಿದ್ದ ಲಾರಿ ಹತ್ತಿ ಹೋದ ಎಂದು ಊರು ತೀರ್ಮಾನಿಸಿತು. ಊರಿಗೆ ತೀರ್ಮಾನ ಕೊಡಲು ಸಾಕ್ಷಿ ಬೇಕಾಗುವುದಿಲ್ಲ. ನನ್ನ ಅವ್ವ ಕರೆವ್ವನೂ ಅದನ್ನೇ ನಂಬಿದಳು. ಸಿಟ್ಟು ನೆತ್ತಿಗೇರಿದಾಗ "ನಿನ್ನ ಸುದ್ದಿ ಕೇಳೇ ಓಡಿ ಹೋದ" ಎನ್ನುತ್ತಿದ್ದಳು. ಆಮೇಲೆ ಹಾಲು ಕಾಸಿ ಕೊಡುತ್ತಿದ್ದಳು.

ಈಗ ನನಗೆ ಇಪ್ಪತ್ತೇಳು ವರ್ಷ. ಗೋಕಾಕದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಸಂಘಮಿತ್ರಾ ಮೇಡಂ ಎಂದರೆ ಹುಡುಗರು ತುಸು ಹೆದರುತ್ತಾರೆ, ಹೆದರಲಿ. ನಾನು ಅವರಿಗೆ ಪ್ರತಿ ವರ್ಷ ಹೇಳುವುದು ಒಂದೇ ಮಾತು. ನಮ್ಮ ಸೀಮೆಯ ಬಹಳ ಕಡೆ ಕಾಲಡಿಯಲ್ಲಿರುವುದು ಒಂದು ಸಮುದ್ರದ ತಳ. ನೂರು ಕೋಟಿ ವರ್ಷಕ್ಕೂ ಹಳೆಯದು. ಮರಳು, ಕೆಸರು ಪದರು ಪದರಾಗಿ ಕೂತು ಕಲ್ಲಾಗಿವೆ. ಅಲೆ ಬಂದು ಹೋದ ಗೆರೆಗಳು ಕೆಲವು ಕಲ್ಲುಗಳ ಮೇಲೆ ಇವತ್ತಿಗೂ ಇವೆ. ಆಗ ಇದ್ದ ಜೀವವೆಂದರೆ ಪಾಚಿಯಂಥದ್ದು ಅಷ್ಟೇ. ಅದರ ಪಳೆಯುಳಿಕೆ ಅರ್ಧಕ್ಕೆ ಕೊಯ್ದ ಉಳ್ಳಾಗಡ್ಡಿಯ ಹಾಗೆ ಕಾಣುತ್ತದೆ. ಭೂಮಿಯ ಮೇಲೆ ಯಾವ ಪ್ರಾಣಿಗೂ ಕಾಲು ಎಂಬುದು ಇನ್ನೂ ಬಂದಿರಲಿಲ್ಲ.

ಹೀಗಿರುವಾಗ ಅದೇ ಖಣಿಯ ಮೇಸ್ತ್ರಿ ನಿಜಾಮಸಾಬ ಫೋನು ಮಾಡಿ, ಕಲ್ಲಿನೊಳಗೆ ಹೆಜ್ಜೆ ಸಿಕ್ಕಿದೆ ಎಂದರೆ ನಾನು ಗದರದೆ ಇರುವುದಾದರೂ ಹೇಗೆ?

"ಕಾಕಾ, ಅದು ಅಲೆ ಗುರುತು ಇರಬೇಕ್ರಿ. ಎಲ್ಲಾರೂ ಹಂಗ ಹೆಜ್ಜಿ ಅಂತ ತಿಳ್ಕೋತಾರ."

"ಎಡಗಾಲಿಂದು ಐತವಾ," ಎಂದ ನಿಜಾಮಕಾಕಾ. "ಕಿರಿಬೆರಳು ಇಲ್ಲ."

ಅವನು ಆಗ ಅಪ್ಪನ ಜೋಡಿ ಕೆಲಸಗಾರನಾಗಿದ್ದ. ನಾನು ಹುಟ್ಟುವ ಹಿಂದಿನ ವರ್ಷ ಅಪ್ಪನ ಎಡಗಾಲಿನ ಕಿರಿಬೆರಳು ಕಲ್ಲಿನಡಿ ಸಿಕ್ಕು ಹೋಗಿತ್ತು. ಅಪ್ಪನ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದ ಸಂಗತಿ ಅದೊಂದೇ.

ಅವತ್ತೇ ಖಣಿಗೆ ಹೋದೆ. ಹೆಜ್ಜೆಯಿದ್ದ ಹಾಸುಗಲ್ಲನ್ನು ಶೆಡ್ಡಿನ ಗೋಡೆಗೆ ಒರಗಿಸಿದ್ದರು. ಭೂತಗನ್ನಡಿ ಹಿಡಿದು ಒಂದು ತಾಸು ನೋಡಿದೆ. ಉಳಿಯ ಗುರುತಿಲ್ಲ. ಅಲೆಯ ಗೆರೆಗಳು ನಾಲ್ಕು ಬೆರಳುಗಳ ಸುತ್ತ ಬಾಗಿ, ಹಿಂಬಡದ ಹತ್ತಿರ ಉಬ್ಬಿ ನಿಂತಿದ್ದವು. ಅಂದರೆ ಕೆಸರು ಹಸಿಯಿದ್ದಾಗಲೇ ತುಳಿದದ್ದು. ಆದರೆ ಇದು ಹೇಗಾಯಿತು ಎಂದು ಕೇಳಬೇಕಾದವಳು ನಾನು ಕೇಳಿದ್ದು ಬೇರೆಯದನ್ನೇ.

"ಕಾಕಾ, ಇದು ಯಾವ ಕಡೆ ಮುಖ ಮಾಡಿತ್ರಿ?"

ಯಾರಿಗೂ ಗೊತ್ತಿರಲಿಲ್ಲ. ಕಲ್ಲನ್ನು ಸರಪಳಿಯಲ್ಲಿ ಎತ್ತಿ, ಎರಡು ಸಲ ಹೊರಳಿಸಿ ತಂದಿದ್ದರು. ಜಾಗ ಬಿಟ್ಟ ಕಲ್ಲು ದಿಕ್ಕು ಹೇಳುವುದಿಲ್ಲ. ಖಣಿಗೆ ಮೂಡಣ ಬದಿಯಲ್ಲಿ ಊರಿನ ಹಾದಿ, ಪಡುವಣ ಬದಿಯಲ್ಲಿ ಲಾರಿಯ ಹಾದಿ. ಅಪ್ಪ ನನ್ನ ಕಡೆ ಓಡಿದನೋ, ನನ್ನಿಂದ ದೂರ ಓಡಿದನೋ? ನನಗೆ ಬೇಕಾಗಿದ್ದದ್ದು ಅಷ್ಟೇ. ನೂರು ಕೋಟಿ ವರ್ಷವನ್ನು ಬೇಕಾದವರು ಇಟ್ಟುಕೊಳ್ಳಲಿ.

ಆಗ ಕಾಕಾ ತಾನು ಯಾರಿಗೂ ಹೇಳದ್ದನ್ನು ಹೇಳಿದ. ಆ ಖಣಿಯಲ್ಲಿ ಒಂದು ಪದ್ಧತಿಯಿದೆ. ಮೇಲಿನ ಕಲ್ಲು ತೆಗೆದು ಹೊಸ ಪದರು ಬಿಸಿಲಿಗೆ ಬಿದ್ದಾಗ ಯಾರೂ ಅದನ್ನು ತುಳಿಯುವುದಿಲ್ಲ. ಮೊದಲು ಮೇಸ್ತ್ರಿ ಒಂದು ಕೊಡ ನೀರು ಹಾಕಬೇಕು. ಅದು ಆರಿದ ಮೇಲೆಯೇ ಕಾಲಿಡಬೇಕು. ಬಿರುಕು ಕಾಣಲಿ ಎಂದು ಹಾಗೆ ಮಾಡುತ್ತಾರೆ ಎಂದು ನಾನು ಹುಡುಗರಿಗೆ ಪಾಠ ಮಾಡಿದ್ದೆ.

"ಬಿರುಕಿಗಲ್ಲವಾ," ಎಂದ ಕಾಕಾ. "ಹೊಸ ಪದರು ಹಸೀನ ಇರ್ತೈತಿ. ತನ್ನ ಕಾಲದಾಗ ಇರ್ತೈತಿ. ನಮ್ಮ ನೀರು ಬಿದ್ದ ಮ್ಯಾಲೆ ನಮ್ಮ ಕಾಲಕ್ಕ ಬಂದು ಕಲ್ಲಾಕ್ಕೈತಿ. ಅವತ್ತ ಮೇಸ್ತ್ರಿ ಹೇಳಿದ್ದಕ್ಕ ನಾ ಕೊಡ ತುಂಬಾಕ ಹೋಗಿದ್ದೆ. ಉದ್ದಪ್ಪಗ ಗಡಿಬಿಡಿ, ಹಂಗ ಅದರ ಮ್ಯಾಲೆ ಹಾದ. ನಾ ಬರೂದ್ರಾಗ ಯಾರೂ ಇರ್ಲಿಲ್ಲ. ಯಾವ ಕಡೆ ಹೋದ, ಅದನ್ನ ನಾ ನೋಡ್ಲಿಲ್ಲವಾ."

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಆ ಹಸಿ ಕಾಲದೊಳಗೆ ಸಿಕ್ಕ ಅಪ್ಪನ ಹೆಜ್ಜೆ ಕೆಳಗಿನ ಪದರಿನಲ್ಲೂ ಇದ್ದರೆ, ಜಾಗ ಬಿಡುವ ಮೊದಲೇ ದಿಕ್ಕು ನೋಡಬಹುದಿತ್ತು. ಹೆಜ್ಜೆ ಸಿಕ್ಕ ಪದರಿನ ಕೆಳಗಿನದನ್ನು ನನ್ನ ಎದುರಿಗೇ ತೆರೆಯಬೇಕು ಎಂದು ಕೇಳಿಕೊಂಡೆ. ಅವ್ವನನ್ನೂ ಕರೆದೆ. "ಓಡಿ ಹೋದಾವನ ಕಾಲು ನೋಡಾಕ ನಾ ಯಾಕ ಬರ್ಲಿ?" ಎನ್ನುತ್ತಲೇ ಅವಳು ನನಗಿಂತ ಮೊದಲು ಚಪ್ಪಲಿ ಮೆಟ್ಟಿದಳು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಆಳುಗಳು ಮೇಲಿನ ಕಲ್ಲನ್ನು ಎತ್ತಿ ಬದಿಗಿಟ್ಟು, ಪದ್ಧತಿಯಂತೆ ದೂರ ಹೋಗಿ ಬುತ್ತಿ ಬಿಚ್ಚಿದರು. ಮೂಡಣ ಬದಿಯ ಕಲ್ಲನ್ನೆಲ್ಲ ಆಗಲೇ ತೆಗೆದು ಮಾರಿದ್ದರಿಂದ ಅಲ್ಲಿ ತಗ್ಗು ಇತ್ತು. ನಾನೂ ಅವ್ವನೂ ಆ ತಗ್ಗಿನಲ್ಲಿ, ಊರಿನ ಹಾದಿಗೆ ಬೆನ್ನು ಮಾಡಿ ನಿಂತೆವು. ಹೊಸ ಪದರು ನಮ್ಮ ಎದೆಮಟ್ಟಕ್ಕೆ ಹಾಸಿಕೊಂಡಿತ್ತು. ಬಾಜೂಕ್ಕೆ ಕಾಕಾ ಕೊಡ ಹಿಡಿದು ನಿಂತಿದ್ದ. ಪದರು ಬೂದು ಬಣ್ಣದ್ದು, ಉದ್ದಕ್ಕೂ ಅಲೆಯ ಗೆರೆ. ಒಂದು ಹೆಜ್ಜೆಯೂ ಇರಲಿಲ್ಲ.

"ಏನೂ ಇಲ್ಲಲ್ಲ," ಎಂದಳು ಅವ್ವ.

ಆಗಲೇ ಪಡುವಣ ತುದಿಯಲ್ಲಿ ಪದರು ತಗ್ಗಿತು. ಒಂದು ಬಲಗಾಲು. ಅಲ್ಲಿ ಯಾರೂ ಇರಲಿಲ್ಲ. ಕೆಸರಿನಿಂದ ಹಿಂಬಡ ಕಿತ್ತ ಸಪ್ಪಳ ಮಾತ್ರ ಕೇಳಿತು. ಮತ್ತೆ ಎಡಗಾಲು ಮೂಡಿತು, ನಾಲ್ಕೇ ಬೆರಳು. ಪದರಿನಿಂದ ತಣ್ಣನೆಯ ಉಪ್ಪು ವಾಸನೆಯ ಗಾಳಿ ನಮ್ಮ ಮುಖಕ್ಕೆ ಬಂತು. ಹೆಜ್ಜೆಗಳು ಒಂದರ ಮುಂದೊಂದು ಬೀಳುತ್ತ ಹೋದವು. ಬೆರಳುಗಳ ಕಡೆ ಆಳ, ಹಿಂಬಡದ ಕಡೆ ಹಗುರ. ಓಡುವವನ ಹೆಜ್ಜೆ, ಮೂಡಣಕ್ಕೆ, ಊರ ಕಡೆಗೆ, ನಮ್ಮ ಕಡೆಗೆ.

ಹೆದರಿಕೆಗಿಂತ ಮೊದಲು ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಕೌಜಲಗಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಅವ್ವ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. "ಅವನ ನಡಿಗೀನ," ಎಂದಳು. "ಎಡಗಾಲು ವಾರಿ ಇಡ್ತಿದ್ದ."

ಹೆಜ್ಜೆಗಳು ಅಂಚಿಗೆ ಬಂದು ನಿಂತವು. ಎರಡೂ ಪಾದ ಜೋಡಿಯಾಗಿ, ನನ್ನ ಗಲ್ಲಕ್ಕೆ ಒಂದು ಗೇಣು ದೂರದಲ್ಲಿ. ಕುಣಿಗಳಲ್ಲಿ ನೀರು ಜಿನುಗಿ ತುಂಬಿತು. ಮೇಲೆ ನೋಡಿದೆ. ಬರೀ ಬಿಸಿಲು. ಯಾರೋ ಏದುಸಿರು ಬಿಡುತ್ತಿದ್ದರು.

"ಅಪ್ಪಾ," ಎಂದೆ. ಆ ಮಾತನ್ನು ಎದುರಿಗೆ ಒಬ್ಬರಿದ್ದಾಗ ಅಂದದ್ದು ಅದೇ ಮೊದಲು.

ಎಡಗಾಲಿನ ಗುರುತು ಕಲಸಿಹೋಯಿತು. ಹಿಂಬಡ ನಮ್ಮ ಕಡೆ ಹೊರಳಿತು, ಬೆರಳು ಪಡುವಣಕ್ಕೆ ತಿರುಗಿದವು. ಬಲಗಾಲೂ ಹಾಗೇ ತಿರುಗಿತು.

ನನ್ನನ್ನು ನೋಡಿದ, ಹೆಣ್ಣೆಂದು ಖಾತ್ರಿ ಮಾಡಿಕೊಂಡ, ಹೊರಟ! ಇಪ್ಪತ್ತೇಳು ವರ್ಷದ ಸಿಟ್ಟು ಒಮ್ಮೆಗೇ ಮೈಯೆಲ್ಲ ಉರಿಸಿತು. ಕಾಕಾನ ಕೈಯಿಂದ ಕೊಡ ಕಸಿದುಕೊಂಡು ಅಷ್ಟೂ ನೀರನ್ನು ಪದರಿನ ಮೇಲೆ ಸುರಿದೆ. "ಇನ್ನ ಎಲ್ಲಿ ಹೋಗ್ತಿ, ಹೋಗು ನೋಡೂಣ!" ಎಂದು ಕಿರುಚಿದೆ.

ಕಾದ ಹಂಚಿಗೆ ನೀರು ಬಿದ್ದಂಥ ಸಪ್ಪಳವಾಯಿತು. ಉಪ್ಪು ಗಾಳಿ ನಿಂತಿತು. ಏದುಸಿರೂ ನಿಂತಿತು. ಬಿಸಿಲು ಮತ್ತೆ ಚುರುಗುಟ್ಟಿತು. ಪದರು ಅಂಚಿನಿಂದ ಒಳಗೊಳಗೆ ಬೆಳ್ಳಗಾಗುತ್ತ ಹೋಗಿ ಕಲ್ಲಾಯಿತು. ಬೆರಳು ಮಡಚಿ ಬಡಿದೆ, ಗಟ್ಟಿ ಕಲ್ಲಿನ ಸದ್ದು.

ನಿಜಾಮಕಾಕಾ ನನ್ನ ಕೈಯಿಂದ ಖಾಲಿ ಕೊಡ ತೆಗೆದುಕೊಂಡ. "ಯಾಕ ಹಾಕಿದಿ ಸಂಘವ್ವಾ?"

"ತಿರುಗಿದನಲ್ರಿ. ಹೊಂಟಿದ್ದ."

"ಎದೆಮಟ್ಟ ಎತ್ತರ ಐತವಾ ಇದು," ಎಂದ ಕಾಕಾ. "ಖಣಿ ಕೆಲಸದ ಮನಿಷ್ಯಾ ಹೆಂಗ ಇಳಿತಾನ? ಹೊಳ್ಳಿ, ಬೆನ್ನು ಈ ಕಡೆ ಮಾಡಿ, ಎರಡೂ ಕೈ ಊರಿ, ಒಂದೊಂದ ಕಾಲು ಕೆಳಗ ಬಿಡ್ತಾನ. ನಿನಗ ಯಾರು ಹೇಳ್ಬೇಕಾಗಿತ್ತು ಅದನ್ನ?"

ಮತ್ತೆ ನೋಡಿದೆ. ಬಲಗಾಲಿನ ಗುರುತಿನಿಂದ ಆಚೆ ಎರಡು ಅಂಗೈ ಮೂಡಿದ್ದವು, ಹತ್ತೂ ಬೆರಳು ಅಗಲಿಸಿ, ಭಾರ ಹೊತ್ತು. ಎಡಗಾಲು ಇದ್ದ ಜಾಗದಿಂದ ಒಂದು ಗೀರು ಅಂಚು ದಾಟಿ, ನನ್ನ ಎದುರಿನ ಕಲ್ಲಿನ ಮೈಮೇಲೆ ಗೇಣುದ್ದ ಇಳಿದು ನಿಂತಿತ್ತು. ಅದರ ಕೆಳತುದಿಯಲ್ಲಿ ನಾಲ್ಕು ಬೆರಳಿನ ಗುರುತಿತ್ತು.

ಅವ್ವ ಎರಡೂ ಕೈ ಮೇಲೆತ್ತಿ, ಆ ಗೀರಿನ ಕೆಳಗೆ ಅಂಗೈ ಬೊಗಸೆ ಮಾಡಿ ನಿಂತಿದ್ದಳು, ಇಳಿಯುವವನ ಪಾದಕ್ಕೆ ಆಸರೆ ಕೊಡುವಂತೆ. ಅವಳ ಮುಂಗೈವರೆಗೂ ಹಸಿ ಕೆಸರು ಮೆತ್ತಿತ್ತು. ನಾನು ನೀರು ಸುರಿಯುವ ಮೊದಲೇ ಅವಳು ಕೈ ಕೊಟ್ಟಿದ್ದಳು.